ಯಂತ್ರವಿನ್ಯಾಸದ ಮೂಲಪ್ರತಿ: ನಾಗಪುರವನ್ನು ಮುಂದಿಟ್ಟುಕೊಂಡು ಕೆಲವು ವಿಚಾರಗಳು

ನಾಗಪುರವೆಂಬ ಹೆಸರನ್ನು ನಮಗೆ ಕಾಣಿಸುವ ಅತಿ ಹಳೆಯ ದಾಖಲೆಗಳಲ್ಲಿ ಒಂದು ರಾಷ್ಟ್ರಕೂಟರದು. ವರ್ಧಾ ಬಳಿಯ ದೇವಳಿಯಲ್ಲಿ ದೊರೆತ ಮೂರನೆಯ ಕೃಷ್ಣನ ತಾಮ್ರಪಟವು ಶಕವರ್ಷ 862ರಲ್ಲಿ, ಎಂದರೆ ಕ್ರಿ.ಶ. 940ರಲ್ಲಿ, ನಾಗಪುರ-ನಂದಿವರ್ಧನ ವಿಷಯದ ಒಂದು ಗ್ರಾಮವನ್ನು ದಾನವಿತ್ತುದನ್ನು ಹೇಳುತ್ತದೆ. ಶಾಸನದ ಭಾಷೆ ಸಂಸ್ಕೃತ. ಹೊರಡಿಸಿದ ಅರಸನು ಮಾನ್ಯಖೇಟದವನು, ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದನ್ನು ಕೊಟ್ಟವನು. ದಾನವನ್ನು ಇತ್ತವರು ಯಾರು, ಪಡೆದವರು ಯಾರು, ಗ್ರಾಮದ ನಾಲ್ಕು ಎಲ್ಲೆಗಳು ಯಾವುವು ಎಂಬುದನ್ನು ಸಾವಿರ ವರ್ಷಗಳ ತರುವಾಯವೂ ಆ ತಗಡುಗಳಿಂದ ನೇರವಾಗಿ ಓದಬಹುದು. ಅದೇ ನಾಗಪುರದಲ್ಲಿ ಈಗ ವಿಮಾನಗಳ ಭಾಗಗಳು ತಯಾರಾಗುತ್ತಿವೆ. ಅವುಗಳ ರೂಪವನ್ನು ನಿರ್ಣಯಿಸುವ ದಾಖಲೆಯು ಲೋಹದ ಮೇಲಿಲ್ಲ, ಕಾಗದದ ಮೇಲೂ ಇಲ್ಲ, ಗಣಕಯಂತ್ರದಲ್ಲಿದೆ. ಅದನ್ನು ಮೂವತ್ತು ವರ್ಷಗಳ ಬಳಿಕ ಓದುವವರು ಹೇಗೆ ಓದಬೇಕು? ನಾವು ಎಂಜಿನಿಯರರಲ್ಲ, ಹಸ್ತಪ್ರತಿಗಳ ನಡುವೆ ಕೆಲಸ ಮಾಡಿದವರು. ಆದರೆ ಈ ಪ್ರಶ್ನೆ ಮೂಲತಃ ಹಸ್ತಪ್ರತಿಶಾಸ್ತ್ರದ್ದೇ ಎಂಬುದು ನಮ್ಮ ಅಭಿಪ್ರಾಯ.

ನಾಗಪುರಕ್ಕೂ ಕನ್ನಡ ನಾಡಿಗೂ ಹೊಸ ಕಾಲದ ನಂಟೊಂದಿದೆ. 1956ರಿಂದ ಅಲ್ಲಿದ್ದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನು ಒಳಗೊಂಡು 1960ರಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1962ರ ಏಪ್ರಿಲ್‌ನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ತೀರಿಕೊಂಡರು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾಲೇಜಿನ ಆಡಳಿತ ಮಂಡಳಿಯು ಅದಕ್ಕೆ ಅವರ ಹೆಸರನ್ನಿಡಲು ನಿರ್ಣಯಿಸಿತು. ಇಂದಿನ ವಿಶ್ವೇಶ್ವರಯ್ಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯು ಅದರ ಮುಂದುವರಿಕೆ. ಅವರನ್ನು ಮೈಸೂರಿನ ದಿವಾನರೆಂದಷ್ಟೇ ನೆನೆಯುವ ನಮ್ಮವರು, 1884ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದುದನ್ನು ಮರೆಯುವುದುಂಟು. ನೀರಿನ ಮಟ್ಟ ಏರಿದಾಗ ತಾವಾಗಿ ತೆರೆದು ಇಳಿದಾಗ ಮುಚ್ಚಿಕೊಳ್ಳುವ ಅವರ ಬಾಗಿಲುಗಳು 1903ರಲ್ಲಿ ಅಳವಟ್ಟದ್ದು ಪುಣೆಯ ಹತ್ತಿರದ ಖಡಕವಾಸ್ಲಾ ಜಲಾಶಯದಲ್ಲಿ.

ಆ ಕಾಲದಲ್ಲಿ ವಿನ್ಯಾಸವೆಂದರೆ ಗೆರೆ. ನಕ್ಷೆಗಾರನು ಟ್ರೇಸಿಂಗ್ ಬಟ್ಟೆಯ ಮೇಲೆ ಮಸಿಯಿಂದ ಎಳೆದದ್ದು ಮೂಲ. ಕಾರ್ಯಾಗಾರಕ್ಕೆ ಹೋಗುತ್ತಿದ್ದ ನೀಲಿನಕ್ಷೆಗಳು ಅದರ ಪ್ರತಿಗಳು. ಹಾಳೆಯ ಬಲಗಡೆ ಕೆಳಮೂಲೆಯ ಚೌಕದಲ್ಲಿ ಬರೆದವನು, ತಾಳೆ ನೋಡಿದವನು, ಒಪ್ಪಿಗೆಯಿತ್ತವನು ಇವರ ಸಹಿ, ಅಳತೆಮಾನ, ದಿನಾಂಕ, ತಿದ್ದುಪಡಿಯ ಅಕ್ಷರ ಎಲ್ಲವೂ ಇರುತ್ತಿದ್ದವು. ನಮ್ಮ ಓಲೆಗರಿಗಳ ಕೊನೆಯಲ್ಲಿ ಲಿಪಿಕಾರನು ಸಂವತ್ಸರ, ತಿಥಿ, ತನ್ನ ಹೆಸರುಗಳನ್ನು ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಬೇಡುವ ಪದ್ಧತಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಎಂಜಿನಿಯರು ಬೇಡುವುದಿಲ್ಲ, ಅಷ್ಟೆ.

ಈ ಕ್ರಮವು ಎರಡು ಕಡೆಗಳಿಂದ ಸಡಿಲಗೊಂಡಿತು. 1952ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ, ರಂಧ್ರ ಕೊರೆದ ಪಟ್ಟಿಯಿಂದ ಅಂಕಿಗಳನ್ನು ಪಡೆದು ಲೋಹವನ್ನು ಕಡೆಯುವ ಮಿಲ್ಲಿಂಗ್ ಯಂತ್ರದ ಪ್ರಾತ್ಯಕ್ಷಿಕೆ ನಡೆಯಿತು. 1963ರಲ್ಲಿ ಅಲ್ಲಿಯೇ ಐವನ್ ಸದರ್‌ಲ್ಯಾಂಡ್ ಎಂಬ ಸಂಶೋಧಕರು ಬೆಳಕಿನ ಲೇಖನಿಯಿಂದ ಗಣಕದ ಪರದೆಯ ಮೇಲೆ ಚಿತ್ರ ಬರೆಯುವ ಸ್ಕೆಚ್‌ಪ್ಯಾಡ್ ಅನ್ನು ರೂಪಿಸಿದರು. ಮೊದಲನೆಯದು ತಯಾರಿಕೆಯನ್ನು, ಎರಡನೆಯದು ವಿನ್ಯಾಸವನ್ನು ಗಣಕದ ವಶಕ್ಕೆ ತಂದಿತು. ಇವೆರಡೂ ಕೂಡಿದ ಮೇಲೆ, ಪರದೆಯ ಆಕೃತಿಯಿಂದಲೇ ಕಡೆಯುವ ಉಪಕರಣದ ದಾರಿಯನ್ನು ಲೆಕ್ಕ ಹಾಕಿ ಯಂತ್ರಕ್ಕೆ ಒಪ್ಪಿಸುವುದು ಸಾಧ್ಯವಾಯಿತು. ನಡುವೆ ನಿಂತು ನಕ್ಷೆಯನ್ನು ಓದಿ ಅರ್ಥೈಸುತ್ತಿದ್ದ ಕುಶಲಕರ್ಮಿಯ ಪಾತ್ರ ಕುಗ್ಗಿತು.

ಫ್ರಾನ್ಸಿನ ವಿಮಾನ ಸಂಸ್ಥೆ ಡಸಾಲ್ಟ್ ತನ್ನ ಬಳಕೆಗೆಂದು 1977ರಲ್ಲಿ ಆರಂಭಿಸಿದ ತಂತ್ರಾಂಶವೇ ಕ್ಯಾಟಿಯಾ. 1981ರಲ್ಲಿ ಅದಕ್ಕೆಂದೇ ಬೇರೆ ಕಂಪನಿ ಹುಟ್ಟಿತು. 1994ರಲ್ಲಿ ಮೊದಲು ಹಾರಿದ ಬೋಯಿಂಗ್ 777 ವಿಮಾನವನ್ನು ಅದರಿಂದಲೇ ವಿನ್ಯಾಸಗೊಳಿಸಲಾಯಿತು. ಮುಂದೆ ಬೋಯಿಂಗ್ 787ರ ನೆಲಹಾಸಿಗೆ ಬೇಕಾದ ಸಂಯುಕ್ತ ವಸ್ತುವಿನ ತೊಲೆಗಳನ್ನು ಟಾಟಾ ಸಮೂಹವು ನಾಗಪುರದ ಮಿಹಾನ್ ಆವರಣದಲ್ಲಿ ತಯಾರಿಸಿತು. 2017ರ ಅಕ್ಟೋಬರ್‌ನಲ್ಲಿ ಡಸಾಲ್ಟ್ ಮತ್ತು ರಿಲಯನ್ಸ್ ಕೂಡಿ ಅಲ್ಲಿಯೇ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದವು. ಈ ನಡುವೆ, 2003ರಲ್ಲಿ ಅಮೆರಿಕದ ಯಾಂತ್ರಿಕ ಎಂಜಿನಿಯರರ ಸಂಘವು ಹೊರಡಿಸಿದ ಮಾನದಂಡವು, ಗಣಕದಲ್ಲಿರುವ ಮೂರು ಆಯಾಮದ ಆಕೃತಿಗೇ ಅಳತೆಗಳನ್ನೂ ಸಹನಮಿತಿಗಳನ್ನೂ ಲಗತ್ತಿಸುವ ಕ್ರಮವನ್ನು ವಿಧಿಸಿತು. ಹಾಳೆಯಿಲ್ಲದೆಯೂ ಕೆಲಸ ನಡೆಯಬಹುದಾಯಿತು. ಮೂಲಪ್ರತಿಯೆಂಬುದು ಹಾಳೆಯಿಂದ ಕಡತಕ್ಕೆ ಸರಿಯಿತು.

ಕಡತಕ್ಕೂ ಪಾಠಾಂತರಗಳುಂಟು. 2006ರಲ್ಲಿ ಬಯಲಾದ ಏರ್‌ಬಸ್ ಎ380ರ ಪ್ರಕರಣವನ್ನು ಸಂಪಾದನಶಾಸ್ತ್ರದ ವಿದ್ಯಾರ್ಥಿಗಳು ಅವಶ್ಯವಾಗಿ ಗಮನಿಸಬೇಕು. ಜರ್ಮನಿ ಮತ್ತು ಸ್ಪೇನಿನ ವಿನ್ಯಾಸಕಾರರು ಕ್ಯಾಟಿಯಾದ ನಾಲ್ಕನೆಯ ಆವೃತ್ತಿಯನ್ನೂ, ಫ್ರಾನ್ಸ್ ಮತ್ತು ಬ್ರಿಟನ್ನಿನವರು ಐದನೆಯದನ್ನೂ ಬಳಸುತ್ತಿದ್ದರು. ಒಂದರಲ್ಲಿ ಮಾಡಿದ ಬದಲಾವಣೆ ಇನ್ನೊಂದಕ್ಕೆ ಸರಿಯಾಗಿ ದಾಟಲಿಲ್ಲ. ಹ್ಯಾಂಬರ್ಗಿನಿಂದ ಬಂದ ತಂತಿಯ ಕಂತೆಗಳು ತೂಲೂಸಿನಲ್ಲಿ ವಿಮಾನದೊಳಗೆ ಹೊಂದಲಿಲ್ಲ, ಕೆಲವೆಡೆ ಗಿಡ್ಡವಾದವು. ಒಂದೊಂದು ವಿಮಾನದಲ್ಲಿ ಸುಮಾರು 500 ಕಿಲೋಮೀಟರ್ ತಂತಿ. ವಿಳಂಬ ಸುಮಾರು ಎರಡು ವರ್ಷ. ಎರಡು ಶಾಖೆಗಳ ಪ್ರತಿಗಳನ್ನು ತಾಳೆ ನೋಡದೆ ಬೆರೆಸಿದರೆ ಏನಾಗುತ್ತದೆಂಬುದು ನಮ್ಮಲ್ಲಿ ಸಂಪಾದಕನಿಗೆ ಮಾತ್ರ ನಷ್ಟ ತರುವ ವಿಷಯ. ಅಲ್ಲಿ ಅದು ಒಂದು ಖಂಡದ ಉದ್ಯಮಕ್ಕೇ ತಗಲಿತು.

ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಆಕೃತಿಯನ್ನು ಸಾಗಿಸಲು ತಟಸ್ಥ ಲಿಪಿಗಳಿವೆ. 1994ರಲ್ಲಿ ಅಂತಾರಾಷ್ಟ್ರೀಯ ಮಾನಕವಾಗಿ ಮೊದಲು ಪ್ರಕಟವಾದ ಸ್ಟೆಪ್ ಅವುಗಳಲ್ಲಿ ಮುಖ್ಯವಾದುದು. ಆದರೆ ಸಾಮಾನ್ಯವಾಗಿ ಅದರಲ್ಲಿ ಉಳಿಯುವುದು ರೂಪ ಮಾತ್ರ. ಯಾವ ಅಳತೆ ಯಾವುದನ್ನು ಅವಲಂಬಿಸಿತ್ತು, ಯಾವ ರಂಧ್ರವನ್ನು ಯಾವ ಅಂಚಿನಿಂದ ಲೆಕ್ಕ ಹಾಕಿದರು, ಯಾವ ಹಂತದ ಮೇಲೆ ಯಾವ ಹಂತವನ್ನು ಕಟ್ಟಿದರು ಎಂಬ ಕ್ರಮ ಮೂಲ ತಂತ್ರಾಂಶದಲ್ಲೇ ನಿಂತುಬಿಡುತ್ತದೆ. ಪದ್ಯ ಉಳಿದು ಟೀಕೆ ಕಳೆದ ಹಸ್ತಪ್ರತಿಯಂತಾಗುತ್ತದೆ ಅದು. ವಿಮಾನವೋ ಮೂವತ್ತು ನಲವತ್ತು ವರ್ಷ ಹಾರುತ್ತದೆ. ಅದನ್ನು ಬರೆದ ಗಣಕಗಳಿಗೆ ಅಷ್ಟು ಆಯುಷ್ಯವಿಲ್ಲ.

ಬೆಂಗಳೂರಿಗೂ ಈ ಮಾತು ಅನ್ವಯಿಸುತ್ತದೆ. ತೇಜಸ್ ಯುದ್ಧವಿಮಾನಕ್ಕಾಗಿ 1984ರಲ್ಲಿ ಸ್ಥಾಪಿತವಾದ ವೈಮಾನಿಕ ಅಭಿವೃದ್ಧಿ ಸಂಸ್ಥೆಯು ಸಂಯುಕ್ತ ವಸ್ತುಗಳ ಪದರಗಳನ್ನು ವಿನ್ಯಾಸಗೊಳಿಸಲು ಆಟೋಲೇ ಎಂಬ ತಂತ್ರಾಂಶವನ್ನು ತಾನೇ ರಚಿಸಿತು; ಮುಂದೆ ಏರ್‌ಬಸ್ ಕೂಡ ಅದರ ಪರವಾನಗಿ ಪಡೆಯಿತು. ತೇಜಸ್ 2001ರ ಜನವರಿ 4ರಂದು ಮೊದಲ ಬಾರಿ ಹಾರಿತು. ಹಾರಾಟದ ಇತಿಹಾಸವನ್ನು ಬರೆದವರಿದ್ದಾರೆ, ಕಡತಗಳ ಇತಿಹಾಸವನ್ನೂ ಬರೆಯಬೇಕಾಗಿದೆ.

ಹೊರನಾಡಿನ ಕನ್ನಡ ಪೀಠಗಳಲ್ಲಿ ಕೆಲಸ ಮಾಡುವ ಸಂಶೋಧಕರು ಶಾಸನಗಳ ಪಡಿಯಚ್ಚು ತೆಗೆಯಲು ಊರೂರು ತಿರುಗುತ್ತಾರೆ. ನಾಗಪುರದ ಕಾಲೇಜಿನಲ್ಲಿ ನಕ್ಷೆಯ ಹಲಗೆಯ ಮೇಲೆ ಕಲಿತು ನಡುವಯಸ್ಸಿನಲ್ಲಿ ಗಣಕಕ್ಕೆ ಬಂದ ತಲೆಮಾರು ಈಗ ನಿವೃತ್ತಿಯಲ್ಲಿದೆ. ಅಂಥವರನ್ನು ಕಂಡು ಕೇಳಬೇಕಾದದ್ದು ಯಂತ್ರದ ಮಹಿಮೆಯನ್ನಲ್ಲ. ಮಸಿಯ ನಕ್ಷೆಯನ್ನು ಗಣಕಕ್ಕೆ ಏರಿಸುವಾಗ ಯಾವ ಟಿಪ್ಪಣಿಗಳನ್ನು ಬಿಟ್ಟರು, ಬಿಡಬಹುದೆಂದು ನಿರ್ಧರಿಸಿದವರು ಯಾರು, ಹಳೆಯ ಹಾಳೆಗಳನ್ನು ಆಮೇಲೆ ಏನು ಮಾಡಿದರು ಎಂಬುದನ್ನು ಕೇಳಬೇಕು.