ಆರ್.ಎಚ್. ಕ್ಯಾಂಪಿನ ಬಂಗಾಳಿಗಳು

ಸಿಂಧನೂರು ಸೀಮೆಯಲ್ಲಿ ಕ್ಯಾಂಪುಗಳಿಗೆ ಬರವಿಲ್ಲ. ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಇಲ್ಲಿ ಜಮೀನು ಹಿಡಿದು ಕಟ್ಟಿಕೊಂಡ ಊರುಗಳಿಗೆ ಕ್ಯಾಂಪ್ ಎಂದೇ ಹೆಸರು. ಅವರು ನೆಲ ನೋಡಿ, ಲೆಕ್ಕ ಹಾಕಿ ಬಂದವರು. ಆರ್.ಎಚ್., ಅಂದರೆ ರಿಹ್ಯಾಬಿಲಿಟೇಷನ್ (ಪುನರ್ವಸತಿ) ಕ್ಯಾಂಪಿನವರ ಕಥೆ ಹಾಗಲ್ಲ. ಅವರ ಊರು ಯಾವುದಾಗಬೇಕೆಂದು ಸರ್ಕಾರವೇ ತೀರ್ಮಾನಿಸಿತು.

1964ರ ಜನವರಿಯಲ್ಲಿ ಪೂರ್ವ ಪಾಕಿಸ್ತಾನದ ಖುಲ್ನಾ, ಢಾಕಾ ಕಡೆ ಗಲಭೆ ಹೊತ್ತಿಕೊಂಡಿತು. ಜೀವ ಕೈಯಲ್ಲಿ ಹಿಡಿದು ಗಡಿ ದಾಟಿದ ಹಿಂದೂ ಕುಟುಂಬಗಳಿಗೆಲ್ಲ ಪಶ್ಚಿಮ ಬಂಗಾಳದಲ್ಲಿ ನೆಲೆ ಸಿಗಲಿಲ್ಲ. ಕೇಂದ್ರ ಸರ್ಕಾರ ಸಾವಿರಾರು ಮಂದಿಯನ್ನು ರಾಯಪುರದ ಬಳಿಯ ಮಾನಾ ಶಿಬಿರಕ್ಕೆ ಸಾಗಿಸಿ, ಅಲ್ಲಿಂದ ಬೇರೆ ಬೇರೆ ರಾಜ್ಯಗಳಿಗೆ ಹಂಚಿತು. ಬಹಳ ಜನ ದಂಡಕಾರಣ್ಯದ ಕಾಡು ಸೇರಿದರು. 1970ರ ಆಸುಪಾಸಿನಲ್ಲಿ ನಿರಾಶ್ರಿತರ ಒಂದು ಪಾಲು ಸಿಂಧನೂರಿಗೆ ಬಂತು. 1962ರಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಬರ್ಮಾ ಬಿಟ್ಟು ಬಂದ ಭಾರತೀಯರಿಗೂ ಇಲ್ಲೇ ಜಾಗ ಕೊಟ್ಟರು. ಎಲ್ಲ ಸೇರಿ 900ಕ್ಕೂ ಹೆಚ್ಚು ಕುಟುಂಬ.

ಕುಟುಂಬಕ್ಕೊಂದು ಮನೆ, ಉಳಲು ಹೊಲ. ಕ್ಯಾಂಪುಗಳಿಗೆ ಹೆಸರಿಡುವ ಗೋಜಿಗೆ ಯಾರೂ ಹೋಗಲಿಲ್ಲ. ಒಂದು, ಎರಡು, ಮೂರು ಎಂಬ ನಂಬರುಗಳೇ ಇಂದಿಗೂ ವಿಳಾಸ. ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲೂ ಸರ್ಕಾರಿ ಚಿನ್ನದ ಗಣಿ ಕಂಪನಿಯ ಕಾಲೋನಿ ಇದೆ. ಅಲ್ಲಿ ಕೆಲಸ ಸಿಕ್ಕವರಿಗೆ ಮನೆ. ಇಲ್ಲಿ ಮನೆ ಸಿಕ್ಕಿತು, ಬದುಕನ್ನು ತಾವೇ ಹುಡುಕಿಕೊಳ್ಳಬೇಕಿತ್ತು.

ಹುಡುಕಿಕೊಂಡರು. ನದಿ ಬಯಲಿನ ಮೆಕ್ಕಲು ಮಣ್ಣಿನಲ್ಲಿ ಬೆಳೆದವರಿಗೆ ರಾಯಚೂರು ಜಿಲ್ಲೆಯ ಎರೆಮಣ್ಣು ಹೊಸದು: ಮಳೆಯಾದರೆ ಕಾಲು ಕೀಳಗೊಡದು, ಬೇಸಿಗೆಗೆ ಅಂಗೈ ಅಗಲ ಬಿರಿಯುತ್ತದೆ. ಸೆಕೆಯಂತೂ ಕೇಳುವುದೇ ಬೇಡ. ಆದರೆ ಭತ್ತ ಅವರಿಗೆ ಹೊಸದಲ್ಲ, ಸಸಿ ಕಿತ್ತು ನಾಟಿ ಹಾಕುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮೀನು ಇಲ್ಲದ ಊಟ ಅವರಿಗೆ ಊಟವೇ ಅಲ್ಲ. ಸಾಸಿವೆ ಎಣ್ಣೆಯಲ್ಲಿ ಹುರಿಯುವ ರೋಹು ತುಂಡಿಗೆ ಅರಿಸಿನ ಹಚ್ಚುವ ಕೈಯಲ್ಲಿ ಶಂಖದ ಬಿಳಿ ಬಳೆ ಇಂದಿಗೂ ಕಾಣುತ್ತದೆ. ಮಕ್ಕಳು ಮನೆಯಲ್ಲಿ ಬಂಗಾಳಿ ಆಡಿ, ಶಾಲೆಯಲ್ಲಿ ಕನ್ನಡ ಕಲಿತರು. ದಸರೆಗೆ ಸಿಂಧನೂರಿನ ಜನ ಬನ್ನಿ ಹಂಚಿಕೊಳ್ಳುವ ಹೊತ್ತಿಗೆ ಕ್ಯಾಂಪುಗಳಲ್ಲಿ ದುರ್ಗಾಪೂಜೆಯ ಡೋಲು.

ಇಷ್ಟಾದರೂ ಕಾಗದದ ಕೆಲಸ ಮುಗಿಯಲಿಲ್ಲ. ಮೊದಲು ಬಂದವರ ಬೆನ್ನಿಗೆ ನೆಂಟರಿಷ್ಟರೂ ಬಂದರು. 1971ರ ಮಾರ್ಚ್ 25ರ ನಂತರ ಗಡಿ ದಾಟಿದವರಿಗೆ ಪುನರ್ವಸತಿಯ ಹಕ್ಕಿರಲಿಲ್ಲ. 2003ರ ತಿದ್ದುಪಡಿ ಪೌರತ್ವ ಕಾನೂನನ್ನು ಇನ್ನಷ್ಟು ಬಿಗಿ ಮಾಡಿತು: ತಂದೆ ತಾಯಿಯಲ್ಲಿ ಒಬ್ಬರು ಅಕ್ರಮ ವಲಸಿಗರೆನಿಸಿದರೂ ಇಲ್ಲಿ ಹುಟ್ಟಿದ ಮಗುವಿಗೆ ಪೌರತ್ವ ತಾನಾಗಿ ಸಿಗದು. ಹೀಗಾಗಿ ಒಂದೇ ಓಣಿಯಲ್ಲಿ ಪಟ್ಟಾ ಇರುವವರೂ ಇದ್ದಾರೆ, ಪೌರತ್ವಕ್ಕೆ ಕಾಯುವವರೂ ಇದ್ದಾರೆ. ಇಂಥವರಿಗೆ ದಾರಿ ತೆರೆದ 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಹೊರಬಿದ್ದವು. ಅದೇ ವರ್ಷ ಈ ಕ್ಯಾಂಪುಗಳ ಐವರಿಗೆ ಪೌರತ್ವ ಪತ್ರ ಕೈಸೇರಿತು. ಗಡಿ ದಾಟಿ ಬಂದು ದಶಕಗಳಾದ ಮೇಲೆ ಆಗ ಸಿಕ್ಕಿದ್ದು ಐದೇ ಪತ್ರ ಎಂಬುದು ಸಣ್ಣ ನೋವಲ್ಲ.

ಜಾತಿ ಪ್ರಮಾಣಪತ್ರದ ಪ್ರಶ್ನೆಯೂ ಹಳೆಯದು. ಕ್ಯಾಂಪುಗಳಲ್ಲಿ ಹೆಚ್ಚಿನವರು ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿಗೆ ಸೇರುತ್ತಾರೆ. ಕರ್ನಾಟಕದಲ್ಲೂ ಆ ಸ್ಥಾನ ಬೇಕೆಂದು ಬಹುಕಾಲದಿಂದ ಕೇಳುತ್ತಾ ಬಂದಿದ್ದಾರೆ. ಕಾಲೇಜಿಗೂ ನೌಕರಿಗೂ ಅರ್ಜಿ ಹಾಕುವ ಮಕ್ಕಳಿಗೆ ಆ ಪತ್ರ ಈಗಲೇ ಬೇಕು.