ಕಂಪಿಲಾನ್ ಖಡ್ಗ: ಆಕರಗಳ ಬೆಳಕಿನಲ್ಲಿ ಒಂದು ವಿವೇಚನೆ

ಫಿಲಿಪೀನ್ಸ್ ದ್ವೀಪಸಮೂಹದ ಕಂಪಿಲಾನ್ ಎಂಬ ಖಡ್ಗವನ್ನು ಕುರಿತು ಎರಡು ಹೇಳಿಕೆಗಳು ಬಹುವಾಗಿ ಪ್ರಚಾರದಲ್ಲಿವೆ. ಅದು ದಕ್ಷಿಣದ ಮಿಂದನಾವೊ ಮತ್ತು ಸುಲು ದ್ವೀಪಗಳ ಮುಸ್ಲಿಂ ಜನಾಂಗಗಳ ಆಯುಧವೆಂಬುದು ಮೊದಲನೆಯದು. 1521ರಲ್ಲಿ ಮಕ್ತಾನ್ ದ್ವೀಪದ ನಾಯಕನಾದ ಲಾಪು-ಲಾಪು ಪೋರ್ಚುಗೀಸ್ ನಾವಿಕ ಮೆಗಲನ್‌ನನ್ನು ಕೊಂದುದು ಈ ಖಡ್ಗದಿಂದಲೇ ಎಂಬುದು ಎರಡನೆಯದು. ಮಕ್ತಾನ್ ಇರುವುದು ದಕ್ಷಿಣದಲ್ಲಲ್ಲ, ಮಧ್ಯಭಾಗದ ವಿಸಾಯ ದ್ವೀಪಗಳಲ್ಲಿ. ಆದುದರಿಂದ ಈ ಎರಡು ಹೇಳಿಕೆಗಳನ್ನು ಒಟ್ಟಿಗೆ ಒಪ್ಪುವ ಮೊದಲು ಮೂಲ ಆಕರಗಳನ್ನು ಪರಿಶೀಲಿಸುವುದು ಅವಶ್ಯಕವಾಗಿದೆ.

ಕಂಪಿಲಾನ್ ಒಂದೇ ಅಂಚಿನಲ್ಲಿ ಹರಿತವುಳ್ಳ ನೀಳವಾದ ಖಡ್ಗ. ಹಿಡಿಯೂ ಸೇರಿ ಇದರ ಉದ್ದ ಸುಮಾರು ಒಂದು ಮೀಟರು. ಅಲಗು ಹಿಡಿಯ ಬಳಿ ಕಿರಿದಾಗಿದ್ದು ತುದಿಯ ಕಡೆಗೆ ಅಗಲವಾಗುತ್ತ ಹೋಗುತ್ತದೆ. ಅನೇಕ ಖಡ್ಗಗಳ ತುದಿಯಲ್ಲಿ ಬೆನ್ನಿನ ಕಡೆಗೆ ಒಂದು ಸಣ್ಣ ಮುಳ್ಳು ಚಾಚಿರುತ್ತದೆ. ಮರದ ಹಿಡಿಯ ಕೊನೆ ಕವಲೊಡೆದು, ಬಾಯ್ದೆರೆದ ಮೊಸಳೆಯನ್ನೋ ನಾಗನನ್ನೋ ನೆನಪಿಗೆ ತರುತ್ತದೆ. ಮಿಂದನಾವೊವಿನ ಮರನಾವೊ ಜನರ ಮಹಾಕಾವ್ಯವಾದ ದಾರಂಗೆನ್‌ನಲ್ಲಿ ವೀರ ಬಂತುಗನ್ ಹಿಡಿದ ಆಯುಧವೂ ಇದೇ.

ಮಕ್ತಾನ್ ಕದನಕ್ಕೆ ಪ್ರಧಾನವಾದ ಆಕರ ಇಟಲಿಯ ಅಂತೋನಿಯೊ ಪಿಗಫೆಟ್ಟಾನ ಪ್ರವಾಸಕಥನ. ಇವನು 1521ರ ಏಪ್ರಿಲ್ 27ರಂದು ರಣರಂಗದಲ್ಲಿದ್ದು ಸ್ವತಃ ಗಾಯಗೊಂಡವನು. ದ್ವೀಪವಾಸಿಗಳಲ್ಲಿ ಒಬ್ಬನು 'ತೆರ್ಸಿಯಾದೊ' ಎಂಬ ದೊಡ್ಡ ಕತ್ತಿಯಿಂದ ಮೆಗಲನ್‌ನ ಎಡಗಾಲಿಗೆ ಹೊಡೆದನೆಂದೂ, ಅವನು ಮುಗ್ಗರಿಸಿ ಬಿದ್ದೊಡನೆ ಉಳಿದವರು ಮೇಲೆರಗಿದರೆಂದೂ ಇವನು ಬರೆದಿದ್ದಾನೆ. ಇಲ್ಲಿ ಕಂಪಿಲಾನ್ ಎಂಬ ಹೆಸರಿಲ್ಲ. ಆದರೆ ಅದೇ ಗ್ರಂಥದಲ್ಲಿ ಪಿಗಫೆಟ್ಟಾ ಆ ದ್ವೀಪಗಳ ಮಾತುಗಳ ಪಟ್ಟಿಯೊಂದನ್ನು ಕೊಟ್ಟಿದ್ದಾನೆ. ಆ ಪಟ್ಟಿಯಲ್ಲಿ ತೆರ್ಸಿಯಾದೊ ಶಬ್ದಕ್ಕೆ ಕೊಟ್ಟಿರುವ ಸ್ಥಳೀಯ ಹೆಸರು 'ಕಂಪಿಲಾನ್' ಎಂದೇ! ಕದನದ ವರ್ಣನೆಯನ್ನೂ ಈ ಪಟ್ಟಿಯನ್ನೂ ಜೊತೆಗಿಟ್ಟು ಓದಿದಾಗ, ಮೆಗಲನ್‌ನನ್ನು ಕೆಡವಿದ ಆಯುಧ ಕಂಪಿಲಾನ್ ಆಗಿದ್ದಿತೆಂಬ ಊಹೆಗೆ ಗಟ್ಟಿಯಾದ ಆಧಾರ ದೊರೆಯುತ್ತದೆ. ಆದರೆ ಹೊಡೆದ ಕೈ ಯಾರದೆಂಬುದಕ್ಕೆ ಆಧಾರವಿಲ್ಲ. 'ಅವರಲ್ಲಿ ಒಬ್ಬ' ಎಂಬುದನ್ನು 'ಲಾಪು-ಲಾಪು' ಎಂದು ತಿದ್ದಿದುದು ಅನಂತರದ ಪರಂಪರೆ.

ಹೊಡೆದವನ ಹೆಸರೂ ಆಯುಧದ ಹೆಸರೂ ಕೂಡಿಯೇ ದೊರೆಯುವ ಪ್ರಸಂಗ ಬೇರೊಂದಿದೆ. 1596ರಲ್ಲಿ ಎಸ್ತೆಬಾನ್ ರೊದ್ರಿಗೆಸ್ ದ ಫಿಗೆರೋವಾ ಎಂಬವನು ಸ್ವಂತ ವೆಚ್ಚದಲ್ಲಿ ಮಿಂದನಾವೊವನ್ನು ಗೆಲ್ಲಲು ದಂಡೆತ್ತಿ ಹೋದನು. ಪೊದೆಯಲ್ಲಿ ಅಡಗಿದ್ದ ಉಬಲ್ ಎಂಬವನು ಕಂಪಿಲಾನಿನಿಂದ ಅವನ ತಲೆಗೆ ಹೊಡೆದನು. ಆ ಗಾಯದಿಂದಲೇ ಫಿಗೆರೋವಾ ಸತ್ತನು. ಆಗ ಮನಿಲಾದಲ್ಲಿ ಉನ್ನತಾಧಿಕಾರಿಯಾಗಿದ್ದ ಅಂತೋನಿಯೊ ದ ಮೋರ್ಗಾ 1609ರ ತನ್ನ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾನೆ. ಈ ಗ್ರಂಥವನ್ನೇ ಹೊಸೆ ರಿಸಾಲ್ 1890ರಲ್ಲಿ ಟಿಪ್ಪಣಿಗಳೊಡನೆ ಪುನಃ ಪ್ರಕಟಿಸಿ, ಸ್ಪೇನಿಗರು ಬರುವ ಮೊದಲೇ ತನ್ನ ನಾಡಿಗೆ ನಾಗರಿಕತೆಯಿದ್ದಿತೆಂದು ಸಾರಿದನು. ಆದರೂ ಇಂದು ಉಬಲನ ಹೆಸರು ಲಾಪು-ಲಾಪುವಿನ ಹೆಸರಿನಷ್ಟು ಪ್ರಸಿದ್ಧವಾಗಿಲ್ಲ.

ಹಾಗಾದರೆ ಕಂಪಿಲಾನ್ ದಕ್ಷಿಣದವರ ಆಯುಧವೆಂಬ ವರ್ಗೀಕರಣ ಹೇಗೆ ಬಂದಿತು? ವಿಸಾಯರು ಈ ಖಡ್ಗವನ್ನು ಮಿಂದನಾವೊವಿನಿಂದ ತರಿಸಿಕೊಳ್ಳುತ್ತಿದ್ದರೆಂಬುದು ವಿಲಿಯಂ ಹೆನ್ರಿ ಸ್ಕಾಟ್ ಅವರ ಅಭಿಪ್ರಾಯ. ಅದು ಸರಿಯಾದರೆ ತಯಾರಿಕೆ ದಕ್ಷಿಣದ್ದು, ಬಳಕೆ ಮಾತ್ರ ಎರಡೂ ಕಡೆಯದು. 1565ರಿಂದ ವಿಸಾಯ ದ್ವೀಪಗಳಲ್ಲಿ ಸ್ಪೇನಿನ ಆಳ್ವಿಕೆ ನೆಲೆಗೊಂಡಿತು. ಅಲ್ಲಿನ ನಾಯಕರು ಯೋಧರಾಗಿ ಉಳಿಯಲಿಲ್ಲ. ಮಿಂದನಾವೊ ಮತ್ತು ಸುಲುವಿನ ಸುಲ್ತಾನರಾದರೋ ಹತ್ತೊಂಬತ್ತನೆಯ ಶತಮಾನದವರೆಗೂ ಸೆಣಸಿದರು. ಯುದ್ಧ ಉಳಿದ ಕಡೆ ಯುದ್ಧದ ಆಯುಧವೂ ಉಳಿಯಿತು. ಆದುದರಿಂದ ಈ ವರ್ಗೀಕರಣವು ಖಡ್ಗದ ಮೂಲ ವ್ಯಾಪ್ತಿಯನ್ನಲ್ಲ, ಸಾಮ್ರಾಜ್ಯದ ಗಡಿಯನ್ನು ಸೂಚಿಸುತ್ತದೆಂದು ನಾವು ಭಾವಿಸುತ್ತೇವೆ.

ಇಪ್ಪತ್ತನೆಯ ಶತಮಾನದಲ್ಲಿ ಕಂಪಿಲಾನ್ ರಾಷ್ಟ್ರದ ಲಾಂಛನಗಳಲ್ಲಿ ಒಂದಾಯಿತು. ಮಕ್ತಾನಿನ ಸ್ಮಾರಕದಲ್ಲಿ ಲಾಪು-ಲಾಪುವಿನ ಕಂಚಿನ ಪ್ರತಿಮೆ ಖಡ್ಗವನ್ನು ಹಿಡಿದು ನಿಂತಿದೆ. ಫಿಲಿಪೀನ್ಸ್ ಸೇನೆಯ ಆರನೆಯ ಪದಾತಿ ಡಿವಿಷನ್ನಿಗೆ ಕಂಪಿಲಾನ್ ಎಂದೇ ಹೆಸರು. ಅದರ ನೆಲೆ ಮಗಿಂದನಾವೊ ಪ್ರದೇಶದಲ್ಲಿ. ಅದು ಅನೇಕ ವರ್ಷ ಹೋರಾಡಿದುದು ಮೊರೊ ಬಂಡಾಯಗಾರರೊಡನೆ. ಅನ್ಯರ ಆಳ್ವಿಕೆಯನ್ನು ತಡೆದವರ ಖಡ್ಗದ ಹೆಸರು, ಅವರ ವಂಶಜರನ್ನು ಹತ್ತಿಕ್ಕಲು ಹೊರಟ ದಳಕ್ಕೆ ಸಂದಿತು.

ಲಾಂಛನಗಳನ್ನು ಆರಿಸಿಕೊಳ್ಳುವ ಹಕ್ಕು ಪ್ರತಿಯೊಂದು ರಾಷ್ಟ್ರಕ್ಕೂ ಉಂಟು. ಆದರೆ ಲಾಂಛನವನ್ನು ಆಕರವೆಂದು ತಿಳಿಯುವುದು ತರವಲ್ಲ. ಮಕ್ತಾನಿನ ಹೆಸರಿಲ್ಲದ ಯೋಧನೂ ಮಿಂದನಾವೊವಿನ ಉಬಲನೂ ಒಂದೇ ಬಗೆಯ ಖಡ್ಗವನ್ನು ಹಿಡಿದಿದ್ದರೆಂದು ಆಕರಗಳು ಸೂಚಿಸುತ್ತವೆ. ಉತ್ತರದವರಿಗೂ ದಕ್ಷಿಣದವರಿಗೂ ಸಮಾನವಾದ ಪೂರ್ವಕಾಲವೊಂದಿದ್ದಿತೆಂಬುದಕ್ಕೆ ವೀರನೊಬ್ಬನ ಪ್ರತಿಮೆಗಿಂತ ಇದು ಹೆಚ್ಚು ಬೆಲೆಯುಳ್ಳ ಸಾಕ್ಷ್ಯವಾಗಿದೆ.