ಇತ್ಬಾಯಾತ್: ಫಿಲಿಪೀನ್ಸಿನ ಬಡಗಣ ತುದಿಯ ದ್ವೀಪ

ಇತ್ಬಾಯಾತ್ ಎಂಬುದು ಫಿಲಿಪೀನ್ಸ್ ದೇಶದ ಬತಾನೆಸ್ ಪ್ರಾಂತ್ಯಕ್ಕೆ ಸೇರಿದ ಒಂದು ದ್ವೀಪ. ಅದೇ ಹೆಸರಿನ ಮುನಿಸಿಪಾಲಿಟಿಯೂ ಹೌದು. ಆ ದೇಶದ ಮುನಿಸಿಪಾಲಿಟಿ ನಮ್ಮ ಪುರಸಭೆಯಂತೆ ಪೇಟೆಗಷ್ಟೇ ಸೀಮಿತವಾದುದಲ್ಲ. ಒಂದು ಊರು ಮತ್ತು ಅದರ ಸುತ್ತಣ ಹೊಲ, ಕಾಡು, ಹಳ್ಳಿಗಳೆಲ್ಲವೂ ಅದರ ಆಡಳಿತಕ್ಕೆ ಒಳಪಡುತ್ತವೆ. ಅದರ ಕೆಳಗಿನ ಘಟಕಕ್ಕೆ ಬರಂಗೈ ಎಂದು ಹೆಸರು; ಇದನ್ನು ಸ್ಥೂಲವಾಗಿ ನಮ್ಮ ಗ್ರಾಮ ಪಂಚಾಯಿತಿಗೆ ಹೋಲಿಸಬಹುದು. ಇತ್ಬಾಯಾತಿನಲ್ಲಿ ಇಂತಹ ಐದು ಬರಂಗೈಗಳಿವೆ.

ನೆಲದ ಸ್ವರೂಪ

ಬತಾನೆಸ್ ಪ್ರಾಂತ್ಯದ ಆರು ಮುನಿಸಿಪಾಲಿಟಿಗಳಲ್ಲಿ ಇತ್ಬಾಯಾತ್ ವಿಸ್ತೀರ್ಣದಲ್ಲಿ ದೊಡ್ಡದು. ಇಡೀ ದೇಶದಲ್ಲಿ ಅತ್ಯಂತ ಉತ್ತರದ್ದು. ಇದರ ವಿಸ್ತೀರ್ಣ 83.13 ಚದರ ಕಿ.ಮೀ. ದೇಶದ ಉತ್ತರದ ಕೊನೆಯ ನೆಲವೆನಿಸಿದ ಮವೂಲಿಸ್ ಎಂಬ ಕಿರುದ್ವೀಪವೂ ಇದಕ್ಕೇ ಸೇರಿದೆ. ರಾಜಧಾನಿ ಮನಿಲಾ ಇರುವ ಲುಜಾನ್ ದ್ವೀಪಕ್ಕಿಂತ ತೈವಾನ್ ಇಲ್ಲಿಗೆ ಹತ್ತಿರ.

ಇತ್ಬಾಯಾತಿನ ನೆಲದ ಬಹುಭಾಗ ಸಮುದ್ರದಿಂದ ಮೇಲೆದ್ದ ಹವಳದ ಸುಣ್ಣಕಲ್ಲು. ದ್ವೀಪದ ಅಂಚು ಎತ್ತರವಾಗಿದ್ದು ನಡುಭಾಗ ತಗ್ಗಾಗಿರುವುದರಿಂದ ಅದರ ಆಕಾರ ಬೋಗುಣಿಯನ್ನು ಹೋಲುತ್ತದೆ. ಅತ್ಯುನ್ನತ ಸ್ಥಳವಾದ ಸಾಂತಾ ರೋಸಾ ಬೆಟ್ಟದ ಎತ್ತರ 277 ಮೀಟರ್. ಮರಳಿನ ಕಡಲತೀರ ಇಲ್ಲಿ ಇಲ್ಲವೆಂದೇ ಹೇಳಬೇಕು. ಸುತ್ತಲೂ 20ರಿಂದ 70 ಅಡಿ ಎತ್ತರದ ಕಡಿದಾದ ಬಂಡೆಗಳು. ಆದುದರಿಂದ ದ್ವೀಪವಾದರೂ ಜನವಸತಿ ಕಡಲಂಚಿನಲ್ಲಿ ಬೆಳೆದಿಲ್ಲ. ಐದರಲ್ಲಿ ನಾಲ್ಕು ಬರಂಗೈಗಳು ಒಳನಾಡಿನ ಮಾಯಾನ್ ಎಂಬ ಮುಖ್ಯ ಊರಿನ ಸುತ್ತ ಒತ್ತಾಗಿವೆ. ಐದನೆಯದಾದ ರಾಯೇಲೆ ಮಾತ್ರ ದಕ್ಷಿಣಕ್ಕೆ ಬೇರೆಯಾಗಿ ಉಳಿದಿದೆ.

ಬಂದರಿಲ್ಲದ ದಡ

ಇತ್ಬಾಯಾತಿಗೆ ನೈಸರ್ಗಿಕ ಬಂದರಿಲ್ಲ. ಪ್ರಾಂತ್ಯದ ಕೇಂದ್ರವಾದ ಬಾಸ್ಕೊದಿಂದ ಫಲೋವ ಎಂಬ ದೋಣಿಯಲ್ಲಿ ಮೂರು ನಾಲ್ಕು ಗಂಟೆಗಳ ಪ್ರಯಾಣ. ಫಿಲಿಪೀನ್ಸಿನ ಇತರೆಡೆ ದೋಣಿಗಳ ಎರಡೂ ಪಕ್ಕಗಳಲ್ಲಿ ಆಧಾರದ ಬಿದಿರುಗಳನ್ನು ಕಟ್ಟುವುದುಂಟು. ಇಲ್ಲಿನ ಉಬ್ಬರದ ಅಲೆಗಳಿಗೆ ಅವು ಒಗ್ಗದ ಕಾರಣ ಫಲೋವಕ್ಕೆ ಅಂತಹ ಜೋಡಣೆ ಇಲ್ಲ. ದಡ ಸೇರಿದ ಬಳಿಕ ಅಲೆ ದೋಣಿಯನ್ನು ಮೇಲೆತ್ತುವ ಕ್ಷಣವನ್ನು ನೋಡಿಕೊಂಡು ಪ್ರಯಾಣಿಕರು ಬಂಡೆಗೆ ಹೊಂದಿಸಿದ ಸಿಮೆಂಟಿನ ಮೆಟ್ಟಿಲಿಗೆ ಹಾರಬೇಕು. ಅಕ್ಕಿ, ಇಂಧನ, ಔಷಧ, ಕಟ್ಟಡದ ಸಾಮಗ್ರಿ ಬಹುಮಟ್ಟಿಗೆ ಇದೇ ದಾರಿಯಲ್ಲಿ ಬರುತ್ತವೆ. ರಾಯೇಲೆಯಲ್ಲಿ ಒಂದು ಚಿಕ್ಕ ವಿಮಾನ ನಿಲ್ದಾಣವಿದೆ. ಕಡಲು ಕೆರಳಿದಾಗ ದೋಣಿ ಹೊರಡುವುದಿಲ್ಲ. ಹೀಗಾಗಿ ಗೆಣಸು, ಹೆಗ್ಗೆಣಸು, ಕೆಸುವಿನ ಗಡ್ಡೆಗಳ ಬೇಸಾಯ, ದನಸಾಕಣೆ, ಹಾಗೂ ಮೀನನ್ನು ಒಣಗಿಸಿಡುವ ರೂಢಿ ಇಲ್ಲಿನ ಬದುಕಿಗೆ ಆಧಾರವಾಗಿವೆ.

ಜನರು ಮತ್ತು ನುಡಿ

ಇಲ್ಲಿನವರು ಇವಾತನ್ ಜನಾಂಗದವರು. ಅವರ ನುಡಿಯಾದ ಇತ್ಬಾಯಾತೆನ್, ತೈವಾನಿಗೆ ಸೇರಿದ ಲಾನ್‌ಯು ದ್ವೀಪದ ಯಾಮಿ ಜನರ ನುಡಿಗೆ ನಿಕಟ ಬಂಧು. ಈ ನಂಟು ಹಳೆಯದು. ದ್ವೀಪದ ಅನಾರೊ ಎಂಬಲ್ಲಿ ನಡೆದ ಉತ್ಖನನಗಳಲ್ಲಿ ಪೂರ್ವ ತೈವಾನಿನ ಹಸಿರು ಜೇಡ್ ಶಿಲೆಯನ್ನು ಕೆತ್ತಿದ ಕುರುಹುಗಳು ದೊರೆತಿವೆ. ಇಂದು ಅಂಚೆನಿಸುವ ಈ ನೆಲ ಒಂದು ಕಾಲಕ್ಕೆ ಕಡಲ ಹಾದಿಯ ನಡುವಣ ತಾಣವಾಗಿತ್ತು. ಸ್ಪೇನಿನ ಆಡಳಿತ ಬತಾನೆಸನ್ನು ವಿಧ್ಯುಕ್ತವಾಗಿ ವಶಪಡಿಸಿಕೊಂಡದ್ದು 1783ರಲ್ಲಿ.

ಜನಸಂಖ್ಯೆ

ಜನಗಣತಿಯ ಅಂಕಿಗಳು ಹೀಗಿವೆ: 2010ರಲ್ಲಿ 2,988, 2015ರಲ್ಲಿ 2,867, 2020ರಲ್ಲಿ 3,128. ಚದರ ಕಿ.ಮೀ. ಒಂದಕ್ಕೆ ಸುಮಾರು 38 ಜನ. ದೇಶದ ಸರಾಸರಿ ಇದರ ಹತ್ತುಪಟ್ಟಿಗೆ ಹತ್ತಿರ. ಪ್ರಾಂತ್ಯದ ನೆಲದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಇತ್ಬಾಯಾತಿನದು. ಆದರೆ ಪ್ರಾಂತ್ಯದ 18,831 ಜನರಲ್ಲಿ ಇಲ್ಲಿ ನೆಲೆಸಿರುವವರು ಆರನೆಯ ಒಂದು ಪಾಲು ಮಾತ್ರ. ಸುಮಾರು ಅರ್ಧದಷ್ಟು ಜನ ಬಾಸ್ಕೊದಲ್ಲಿದ್ದಾರೆ. ಕಾಲೇಜು ಓದಬಯಸುವ ತರುಣರು ಅಲ್ಲಿಗೋ ಲುಜಾನಿಗೋ ಕಡಲು ದಾಟಬೇಕು.

ಗಾಳಿ ಮತ್ತು ನಡುಕ

ಇತ್ಬಾಯಾತಿನ ಜನಸಂಖ್ಯೆಯನ್ನು ಕುರಿತು ಚಿಂತಿಸುವಾಗ ಅಲ್ಲಿನ ಗೋಡೆಗಳನ್ನು ಮರೆಯಲಾಗದು. ಈ ದ್ವೀಪಗಳು ಚಂಡಮಾರುತಗಳ ಹಾದಿಯಲ್ಲಿವೆ. 2016ರ ಸೆಪ್ಟೆಂಬರಿನಲ್ಲಿ ಮೆರಾಂತಿ ಎಂಬ ಪ್ರಚಂಡ ಮಾರುತ ಇತ್ಬಾಯಾತಿನ ಮೇಲೆಯೇ ಹಾದುಹೋಯಿತು. ಅಂತಹ ಗಾಳಿಯನ್ನು ತಡೆಯಲೆಂದೇ ಇವಾತನರು ಸ್ಪೇನ್ ಆಡಳಿತದ ಕಾಲದಲ್ಲಿ ಕಲಿತ ಸುಣ್ಣದ ಗಾರೆಯಿಂದ ಕಲ್ಲುಗಳನ್ನು ಬೆಸೆದು, ದಪ್ಪ ಗೋಡೆಯ ತಗ್ಗಾದ ಮನೆಗಳನ್ನು ಕಟ್ಟಿ, ಮೇಲೆ ಹುಲ್ಲು ಹೊದಿಸಿದರು. ಈ ಮನೆಗಳೇ ಇಂದು ಬತಾನೆಸಿನ ಗುರುತಾಗಿವೆ.

2019ರ ಜುಲೈ 27ರ ಬೆಳಗ್ಗೆ ಕೆಲವೇ ಗಂಟೆಗಳ ಅಂತರದಲ್ಲಿ 5.4 ಮತ್ತು 5.9 ತೀವ್ರತೆಯ ಎರಡು ಭೂಕಂಪಗಳು ದ್ವೀಪವನ್ನು ನಡುಗಿಸಿದವು. ಬಿರುಗಾಳಿಗೆ ಜಗ್ಗದ ಕಲ್ಲಿನ ಗೋಡೆಗಳು ಕುಸಿದವು. ಒಂಬತ್ತು ಜನ ಅಸುನೀಗಿದರು. 19ನೆಯ ಶತಮಾನದ ಚರ್ಚು ತೀವ್ರವಾಗಿ ಹಾನಿಗೊಂಡಿತು. ಉಳಿದವರು ಊರಿನ ಬಯಲಿನಲ್ಲಿ ಡೇರೆ ಹಾಕಿಕೊಂಡು ರಾತ್ರಿಗಳನ್ನು ಕಳೆದರು. ಗಾಳಿಯನ್ನು ಎದುರಿಸಲು ಮನೆಗೆ ಭಾರ ಬೇಕು. ನೆಲ ನಡುಗಿದಾಗ ಬೆಸುಗೆ ಬಲವಿಲ್ಲದ ಭಾರವೇ ಮೃತ್ಯುವಾಗುತ್ತದೆ. ಎರಡನ್ನೂ ತಾಳುವ ಮನೆಗೆ ಕಬ್ಬಿಣದ ಸರಳು, ಸಿಮೆಂಟು ಬೇಕು. ಅವು ಬರಬೇಕಾದದ್ದು ಬಂದರಿಲ್ಲದ ಅದೇ ದಡಕ್ಕೆ.

2020ರ ಗಣತಿಯ ಆಧಾರದಿನ ಮೇ 1. ಎಂದರೆ ಭೂಕಂಪವಾಗಿ ಒಂಬತ್ತು ತಿಂಗಳು ಕಳೆದಿದ್ದ ಕಾಲ. ಐದು ವರ್ಷ ಹಿಂದಿನ ಲೆಕ್ಕಕ್ಕಿಂತ 261 ಜನ ಹೆಚ್ಚಾಗಿ ಎಣಿಕೆಗೆ ಸಿಕ್ಕರು. ಮನೆ ಕುಸಿದ ಊರು ಬರಿದಾಗಲಿಲ್ಲ ಎಂಬುದನ್ನು 3,128 ಎಂಬ ಆ ಅಂಕಿ ದಾಖಲಿಸುತ್ತದೆ.